ಸಗಣಿ ಸಾಲದ ಮನೆಯಲ್ಲೂ ಗ್ಯಾಸ್ ಒಲೆ ಉರಿಯಲಿ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ಗುಂಡಿ ಇದೆ, ಕೊಟ್ಟಿಗೆ ತುಂಬ ದನ ಇಲ್ಲ. 2 ಘನ ಮೀಟರಿನ ದೀನಬಂಧು ಮಾದರಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ನಾಲ್ಕೈದು ದನಗಳಾದರೂ ಇರಬೇಕು. ಎರಡೇ ಹಸು ಉಳಿದವರು ಗುಂಡಿಯನ್ನೇ ಕೈಬಿಡುವುದು ನೋಡಿದರೆ ಬೇಸರವಾಗುತ್ತದೆ. ಕಿಲೋ ಸಗಣಿಗೆ ಸುಮಾರು 40 ಲೀಟರ್ ಅನಿಲದ ಲೆಕ್ಕದಲ್ಲಿ, 25 ಕಿಲೋ ಸಗಣಿಯಿಂದಲೇ ನಾಲ್ಕು ಜನರ ಅಡುಗೆ ಆಗುತ್ತದೆ. ಅಷ್ಟೂ ಸಗಣಿ ಸಿಗದಿದ್ದರೆ ಆ ಕೊರತೆಯನ್ನು ತೋಟದ ಹಸಿ ಕಸ ತುಂಬಬಲ್ಲದು.

ಆದರೆ ಸೊಪ್ಪನ್ನು ಹಾಗೇ ಸುರಿಯಬಾರದು. ಅದು ತೇಲುತ್ತದೆ, ಮೇಲೆ ದಪ್ಪ ಕೆನೆಗಟ್ಟಿ ಅನಿಲವನ್ನು ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೊಪ್ಪುಸದೆಗೆಂದೇ ಬೇರೆ ವಿನ್ಯಾಸ ಮಾಡಬೇಕಾಗಿ ಬಂದದ್ದು ಇದಕ್ಕೇ. ದೀನಬಂಧು ಗುಂಡಿ ಸಗಣಿ ಬಗ್ಗಡಕ್ಕಾಗಿ ಕಟ್ಟಿದ್ದು. ಆದ್ದರಿಂದ ಎಳೆ ಸೊಪ್ಪು, ಬಾಳೆದಿಂಡು, ತರಕಾರಿ ಸಿಪ್ಪೆಗಳನ್ನು ಸಣ್ಣಗೆ ಕೊಚ್ಚಿ, ಸಗಣಿ ನೀರು ಚಿಮುಕಿಸಿ ಕೆಲವು ದಿನ ರಾಶಿ ಹಾಕಿ ಕೊಳೆಸಿ. ಮೆತ್ತಗಾದ ಮೇಲೆ ಐದು ಪಾಲು ಸಗಣಿಗೆ ಒಂದು ಪಾಲಿನಂತೆ ಕಲಸಿ ಬಿಡಿ. ಕಡ್ಡಿ, ತೊಗಟೆ, ಅಡಿಕೆ ಸಿಪ್ಪೆ ಬೇಡ. ಮರದಂಥ ನಾರು ಗುಂಡಿಯಲ್ಲಿ ಕರಗುವುದಿಲ್ಲ.

ಒಣಹುಲ್ಲಿನದು ಇನ್ನೊಂದು ತೊಂದರೆ. ಅನಿಲ ಮಾಡುವ ಸೂಕ್ಷ್ಮಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 20ರಿಂದ 30 ಪಾಲು ಇಂಗಾಲ ಹಿತ. ಸಗಣಿಯಲ್ಲಿ ಇದು ಸರಿಯಾಗಿಯೇ ಇದೆ. ಭತ್ತದ ಹುಲ್ಲಿನಲ್ಲಿ ಇಂಗಾಲ ಅದರ ಎರಡು ಪಟ್ಟಿಗೂ ಹೆಚ್ಚು. ಹುಲ್ಲಿನ ಚೂರು ಸೇರಿಸುವುದಾದರೆ ಕಲಸುವ ನೀರಿನಲ್ಲಿ ಸ್ವಲ್ಪ ಗಂಜಲ ಬೆರೆಸಿ, ಇಲ್ಲವೇ ತುಸು ಕೋಳಿಗೊಬ್ಬರ ಹಾಕಿ. ಉಳಿದ ಅನ್ನ ಬೇಗ ಅನಿಲ ಕೊಡುತ್ತದೆ ನಿಜ, ಒಮ್ಮೆಲೇ ಸುರಿದರೆ ಗುಂಡಿ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಹಾಗಾದಾಗ ಕೆಲವು ದಿನ ಏನನ್ನೂ ಹಾಕದೆ ಬಿಟ್ಟು, ಮತ್ತೆ ಬರೀ ಸಗಣಿಯಿಂದ ಶುರು ಮಾಡಿ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಎಂದಿಗೂ ಒಳಗೆ ಹೋಗಬಾರದು.

ಹೊರಬರುವ ಬಗ್ಗಡವನ್ನು ಬಿಸಿಲಿಗೆ ಒಣಗಿಸಿದರೆ ಸಾರಜನಕದ ಒಂದು ಪಾಲು ಗಾಳಿಗೆ ಹೋಯಿತೆಂದೇ ಲೆಕ್ಕ. ದರಗು ತುಂಬಿದ ಗೊಬ್ಬರದ ಗುಂಡಿಗೆ ಹರಿಸಿ, ಇಲ್ಲವೇ ನೇರ ಅಡಿಕೆ ಬುಡಕ್ಕೆ ಕೊಟ್ಟು ಸೊಪ್ಪು ಮುಚ್ಚಿ. ನನ್ನ ಮಟ್ಟಿಗೆ ಗ್ಯಾಸಿಗಿಂತ ದೊಡ್ಡ ಲಾಭ ಇದೇ.

ಕೊನೆಯದಾಗಿ ಒಂದು ವಿನಂತಿ. ಕೆನೆ ತೆಗೆಯಲೆಂದು ಗುಂಡಿಯೊಳಗೆ ನೀವೂ ಇಳಿಯಬೇಡಿ, ಆಳನ್ನೂ ಇಳಿಸಬೇಡಿ. ಅಲ್ಲಿನ ವಿಷಾನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಹೋದವರನ್ನೂ ಬಿಡುವುದಿಲ್ಲ. ಆ ಕೆಲಸಕ್ಕೆ ತರಬೇತಿ ಪಡೆದವರನ್ನೇ ಕರೆಸಿ.