ಕಣ್ಣಿನ ಒಳಪರದೆಗೆ ಒಂದಿಷ್ಟು ಕಿವಿಮಾತು

ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇಲ್ಲದ ಮನೆ ನಮ್ಮೂರು ಸೂಲಿಬೆಲೆಯಲ್ಲೂ ಈಗ ಕಮ್ಮಿ. ಕಣ್ಣಿನ ಒಳಪರದೆಗೆ, ಅದೇ ಡಾಕ್ಟರು ರೆಟಿನಾ ಅನ್ನುತ್ತಾರಲ್ಲ ಅದಕ್ಕೆ, ರಕ್ತ ಒಯ್ಯುವ ಸಣ್ಣ ನಾಳಗಳನ್ನು ಇವು ಸದ್ದಿಲ್ಲದೆ ಕೆಡಿಸುತ್ತವೆ. ‘ಯಾವ ಸೊಪ್ಪು ತಿಂದರೆ ಕಣ್ಣು ಉಳಿಯುತ್ತೆ ತಾತಾ?’ ಅಂತ ಕೇಳೋರಿಗೆ ಇಷ್ಟು ಹೇಳಿಬಿಡುತ್ತೇನೆ.

• ನಮ್ಮ ಹೊಸಕೋಟೆ, ದೇವನಹಳ್ಳಿ, ಚಿಕ್ಕಬಳ್ಳಾಪುರ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಯನ್ನು ನಾವು ತಿನ್ನೋದು ಹೇಗೆ? ಬಾಯಿಗಿಟ್ಟು ಒತ್ತಿ, ತಿರುಳು ನುಂಗಿ, ದಪ್ಪ ಸಿಪ್ಪೆ ಉಗಿಯುತ್ತೇವೆ. ಆ ಕಪ್ಪು ಬಣ್ಣ ಕೊಡುವ ಆಂಥೋಸಯಾನಿನ್, ವಿಜ್ಞಾನಿಗಳು ಬೆನ್ನು ಹತ್ತಿರುವ ರೆಸ್ವೆರಟ್ರಾಲ್ ಇರೋದು ಸಿಪ್ಪೆಯಲ್ಲೇ. ಇಲಿಗಳ ಕಣ್ಣಿಗೆ ಸ್ವಲ್ಪ ಹೊತ್ತು ರಕ್ತ ನಿಲ್ಲಿಸಿ, ಮತ್ತೆ ಹರಿಯಬಿಟ್ಟು ನೋಡಿದ ಪ್ರಯೋಗಗಳಲ್ಲಿ ರೆಸ್ವೆರಟ್ರಾಲ್ ಕೊಟ್ಟಾಗ ರೆಟಿನಾದ ನರಕೋಶಗಳು ಸಾಯೋದು ಕಮ್ಮಿಯಾಗಿದೆ. ಅರಿಶಿನದ ಕರ್ಕ್ಯುಮಿನ್‌ಗೂ ಅಂಥದೇ ಹೆಸರಿದೆ. ಆದರೆ ಇಲಿಗೆ ಕೊಟ್ಟಷ್ಟು ಹಣ್ಣಿನಿಂದ ಸಿಗಲ್ಲ. ಮನುಷ್ಯರಲ್ಲಿ ಇನ್ನೂ ಸಾಬೀತೂ ಆಗಿಲ್ಲ. ಸಿಪ್ಪೆ ಸಮೇತ ಅಗಿಯಿರಿ, ಔಷಧಿ ಹೊಡೆದ ಹಣ್ಣು ಅನ್ನೋದು ನೆನಪಿರಲಿ, ಚೆನ್ನಾಗಿ ತೊಳೆಯಿರಿ. ಸಕ್ಕರೆ ಕಾಯಿಲೆಯವರು ಗೊಂಚಲಿಗೆ ಕೈ ಹಾಕಬೇಡಿ, ನಾಲ್ಕಾರು ಹಣ್ಣು ಸಾಕು.

• ದಂಟು, ನುಗ್ಗೆ, ಹೊನಗೊನ್ನೆ, ಹೊಲದ ಬೆರಕೆ ಸೊಪ್ಪು ವಾರದಲ್ಲಿ ಮೂರ್ನಾಲ್ಕು ದಿನ ಇರಲಿ. ರೆಟಿನಾದ ನಡುಭಾಗ ಕಾಯುವ ಲ್ಯೂಟೀನ್ ಅನ್ನೋ ಹಳದಿ ಅಂಶ ಇವುಗಳಲ್ಲಿದೆ, ಅದನ್ನು ನಮ್ಮ ದೇಹ ತಾನಾಗಿ ತಯಾರಿಸಲಾರದು. ಅದು ಕರಗೋದು ಎಣ್ಣೆಯಲ್ಲಿ, ನೀರಲ್ಲಲ್ಲ. ಬಸ್ಸಾರು ಮಾಡಿದ ದಿನ ಮುದ್ದೆಗೆ ಬರೀ ಸಾರು ಬಿಟ್ಟುಕೊಂಡು ಪಲ್ಯವನ್ನು ಪಕ್ಕಕ್ಕೆ ತಳ್ಳೋ ಗಂಡಸರು ಕೇಳಿಸಿಕೊಳ್ಳಿ: ಕಣ್ಣಿಗೆ ಬೇಕಾದ್ದು ಉಳಿದಿರೋದು ಒಗ್ಗರಣೆ ಬಿದ್ದ ಆ ಪಲ್ಯದಲ್ಲೇ.

• ಲ್ಯೂಟೀನ್ ಮಾತ್ರೆ ತಯಾರಾಗೋದು ಹೆಚ್ಚಾಗಿ ಚೆಂಡುಹೂವಿಂದ. 2013ರಲ್ಲಿ ಅಮೆರಿಕದವರ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 10 ಮಿಲಿಗ್ರಾಂ ಕೊಟ್ಟು ನೋಡಿದ್ದು ವಯಸ್ಸಾದವರ ಮ್ಯಾಕುಲಾ, ಅಂದರೆ ರೆಟಿನಾದ ಆ ನಡುಭಾಗದ, ಸವೆತಕ್ಕೆ; ರಕ್ತನಾಳ ಕಟ್ಟಿಕೊಂಡ ಕಣ್ಣಿಗಲ್ಲ. ಅಂಗಡಿಯವನು ಎರಡನ್ನೂ ಒಂದೇ ಮಾಡಿ ಮಾರುತ್ತಾನೆ.

• ಗಿಂಕೋ ಅನ್ನೋ ಗಿಡಮೂಲಿಕೆ ಮಾತ್ರೆ ಡಾಕ್ಟರನ್ನು ಕೇಳದೆ ಬೇಡ. ಹೃದಯಕ್ಕೆಂದು ಆಸ್ಪಿರಿನ್, ವಾರ್ಫರಿನ್ ನುಂಗುವವರಿಗೆ ರಕ್ತಸ್ರಾವದ ಭಯ ಇದೆ.

• ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ರೆಟಿನಾ ಇರೋದು ಗುಡ್ಡೆಯ ಹಿಂಬದಿಯಲ್ಲಿ. ರಸ ಅಲ್ಲಿಗೆ ಹೋಗಲ್ಲ, ಮುಂದಿನ ಕರಿಗುಡ್ಡೆ ಹುಣ್ಣಾಗುತ್ತೆ ಅಷ್ಟೆ.

• ಹೊಗೆಸೊಪ್ಪೂ ಗಿಡದ್ದೇ. ಬೀಡಿ ಬಿಡಿ.

• ಸಕ್ಕರೆ ಕಾಯಿಲೆ ಇದ್ದರೆ ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆಯಲ್ಲ. ಪಾಪೆ ಹಿಗ್ಗಿಸೋ ಹನಿ ಹಾಕಿದ ಮೇಲೆ ಕೆಲವು ತಾಸು ಮಂಜು ಮಂಜು. ಗಾಡಿ ನೀವೇ ಓಡಿಸಿಕೊಂಡು ಹೋಗಬೇಡಿ, ಮಗನನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಿ.

• ನೋವಿಲ್ಲದೆ ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾದರೆ ಅದು ಕಣ್ಣಿಗೆ ಹೊಡೆದ ಲಕ್ವ ಇರಬಹುದು. ಕೆಲವೇ ನಿಮಿಷದಲ್ಲಿ ಸರಿಹೋದರೂ ಎಚ್ಚರಿಕೆ ಗಂಟೆ ಅದು. ರಕ್ತದ ಹೆಪ್ಪು ಕರಗಿಸೋ ಚಿಕಿತ್ಸೆ ಯೋಚಿಸಲಿಕ್ಕೂ ನಾಲ್ಕೂವರೆ ಗಂಟೆಯೊಳಗೆ ದೊಡ್ಡಾಸ್ಪತ್ರೆ ಸೇರಿರಬೇಕು. ಸೊಪ್ಪು ಹುಡುಕಬೇಡಿ, ಬೆಳಗಾಗಲಿ ಅನ್ನಬೇಡಿ, 108ಕ್ಕೆ ಫೋನ್ ಮಾಡಿ.