ಒಂದು ಬಿಂದುವಿನ ಮಳೆ, 3 ಜಿಬಿ ಫೈಲ್

ಭಾರತೀಯ ಹವಾಮಾನ ಇಲಾಖೆ 1901ರಿಂದೀಚಿನ ದಿನದಿನದ ಮಳೆ ಲೆಕ್ಕವನ್ನು ಕಾಲು ಡಿಗ್ರಿ ಅಂತರದ 135 × 129 ಬಿಂದುಗಳಲ್ಲಿ ಕೊಡುತ್ತದೆ. ವರ್ಷಕ್ಕೊಂದು ನೆಟ್‌ಸಿಡಿಎಫ್ ಫೈಲ್. ನನಗೆ ಬೇಕಿದ್ದದ್ದು ಆಗುಂಬೆಗೆ ಹತ್ತಿರದ ಒಂದೇ ಬಿಂದು. ಅದನ್ನು ತೆಗೆಯುವಾಗ ಕಲಿತದ್ದು ಇಷ್ಟು:

1. ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಅಂಕಿಗೆ 4 ಬೈಟ್‌ನಂತೆ ವರ್ಷಕ್ಕೆ 25 ಎಂಬಿ, 2020ರವರೆಗಿನ 120 ವರ್ಷಕ್ಕೆ 3 ಜಿಬಿ. ನನ್ನ ಕೋಡ್ ಪ್ರತಿ ಅಂಕಿಯನ್ನೂ 8 ಬೈಟ್‌ಗೆ ಏರಿಸುತ್ತಿತ್ತು. 4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಅಲ್ಲಿಗೇ ನಿಂತುಹೋಯಿತು.

2. ಫೈಲ್ ತೆರೆಯುವುದು ಬೇರೆ, ಓದುವುದು ಬೇರೆ. ಪೈಥಾನ್‌ನ ಎಕ್ಸ್‌ಅರೇ ಲೈಬ್ರರಿಯು ಫೈಲ್ ತೆರೆದಾಗ ಅಕ್ಷಾಂಶ, ರೇಖಾಂಶ, ದಿನಾಂಕಗಳನ್ನಷ್ಟೇ ತರುತ್ತದೆ. ಮಳೆಯ ಅಂಕಿಗಳು ಡಿಸ್ಕ್‌ನಲ್ಲೇ ಉಳಿದಿರುತ್ತವೆ. ನಾನು ಇಡೀ ದೇಶದ ಮಿಲಿಮೀಟರನ್ನು ಸೆಂಟಿಮೀಟರ್ ಮಾಡಿ, ಆಮೇಲೆ ಆಗುಂಬೆಯನ್ನು ಆರಿಸುತ್ತಿದ್ದೆ. ಆ ಒಂದು ಭಾಗಾಕಾರಕ್ಕಾಗಿ ಎಲ್ಲವೂ ಮೆಮೊರಿಗೆ ಬರುತ್ತಿತ್ತು. ಒಂದು ಸೇರು ಅಕ್ಕಿಗೆ ಕಣಜವನ್ನೇ ಅಂಗಳಕ್ಕೆ ಸುರಿದ ಹಾಗೆ. ಕೋಡಿನ ಆ ಎರಡು ಸಾಲುಗಳನ್ನು ಹಿಂದುಮುಂದು ಮಾಡಿದೆ, ಸರಿಹೋಯಿತು.

3. ಇದು ನನಗೆ ತಡವಾಗಿ ಹೊಳೆದದ್ದು, ಎಲ್ಲಕ್ಕಿಂತ ಮುಖ್ಯವಾದದ್ದೂ ಹೌದು: ಫೈಲಿನೊಳಗಿನ ಜೋಡಣೆ ನೋಡಿ. ಎಲ್ಲ ವರ್ಷಗಳನ್ನೂ ಒಂದೇ ಫೈಲಿಗೆ ಸೇರಿಸುವಾಗ ದಿನದ ನಕ್ಷೆಗೆ ಒಂದು ತುಂಡಿನಂತೆ (ಚಂಕ್) ಕಂಪ್ರೆಸ್ ಮಾಡಿದ್ದೆ. ಆಗುಂಬೆಯ 43,830 ದಿನಗಳಿಗೆ ಅಷ್ಟೂ ಚಂಕ್‌ಗಳನ್ನು ಬಿಚ್ಚಬೇಕು. ಪ್ರತಿಯೊಂದರಲ್ಲೂ 17,415 ಅಂಕಿ, ಬೇಕಿರುವುದು ಒಂದು. ಮೆಮೊರಿ ಉಳಿಯಿತು, ಸಮಯ ಉಳಿಯಲಿಲ್ಲ. ಆಮೇಲೆ 365 ದಿನ × 10 × 10 ಬಿಂದುಗಳ ಚಂಕ್‌ಗಳಾಗಿ ಮತ್ತೆ ಬರೆದೆ. ಈಗ ಬಿಚ್ಚಬೇಕಾದದ್ದು 121 ಚಂಕ್, ಒಟ್ಟು 18 ಎಂಬಿಯೊಳಗೆ ಕೆಲಸ ಮುಗಿಯುತ್ತದೆ. ಆದರೆ ಒಂದು ದಿನದ ಇಡೀ ದೇಶದ ನಕ್ಷೆ ಕೇಳುವವರಿಗೆ ಇದೇ ಜೋಡಣೆ ದುಬಾರಿ: ಒಂದರ ಬದಲು 182 ಚಂಕ್. ನೀವು ಪದೇಪದೇ ಕೇಳುವ ಪ್ರಶ್ನೆ ಯಾವುದೋ ಅದಕ್ಕೆ ತಕ್ಕಂತೆ ಕತ್ತರಿಸಿ.

4. ಅಂಕಿಗಳನ್ನು ಓದುವ ಮೊದಲೇ ಫೈಲ್ ಮುಚ್ಚಬೇಡಿ. ತಪ್ಪಾದರೆ ಅದು ಮುಚ್ಚಿದ ಸಾಲಿನಲ್ಲಿ ಕಾಣುವುದಿಲ್ಲ, ಐವತ್ತು ಸಾಲು ಕೆಳಗೆ ಗ್ರಾಫ್ ಬರೆಯುವಾಗ ಎದುರಾಗುತ್ತದೆ.

5. ಆರಿಸಿಕೊಂಡ ಭಾಗವನ್ನು ಒಮ್ಮೆ ಪೂರ್ತಿ ಮೆಮೊರಿಗೆ ತಂದು, ಆಮೇಲೆ ಲೂಪ್ ಓಡಿಸಿ. ಇಲ್ಲವಾದರೆ ಪ್ರತಿ ಸುತ್ತಿಗೂ ಡಿಸ್ಕ್‌ಗೆ ಹೋಗಿಬರಬೇಕಾಗುತ್ತದೆ. ಆ ಬಿಂದುವಿನ 120 ವರ್ಷಗಳ ಮಳೆ ಒಟ್ಟು 1,75,320 ಬೈಟ್, ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗಿಂತ ಚಿಕ್ಕದು.