ಹಳೇ ಮಾರಿಸ್ ಕೊಂಡಿರಾ? ಮೊದಲು ವೈರು ನೋಡಿ

1950ರ ದಶಕದ ಮಾರಿಸ್ ಮೈನರ್ ಮನೆಗೆ ತಂದವರಿಗೆ ಮೊದಲು ಹೊಳೆಯುವುದು ಪೇಂಟು, ಸೀಟಿನ ಯೋಚನೆ. ಅದು ಆಮೇಲಿರಲಿ, ಬಾನೆಟ್ ಎತ್ತಿ ವೈರು ನೋಡಿ. ಹತ್ತಿ ನೂಲು ಹೆಣೆದ ಆ ಕಟ್ಟು ಕಣ್ಣಿಗೇನೋ ಚೆಂದ, ಆದರೆ ಒಳಗಿನ ರಬ್ಬರು ಇಷ್ಟು ವರ್ಷಗಳ ಬಿಸಿಗೆ ಹಪ್ಪಳದಂತಾಗಿರುತ್ತದೆ. ಒಂದು ತುದಿಯನ್ನು ಮೆಲ್ಲಗೆ ಬಾಗಿಸಿ. ಚೂರು ಉದುರಿತೋ, ಟೇಪು ಸುತ್ತುವ ಆಸೆ ಬಿಟ್ಟು ಇಡೀ ಕಟ್ಟನ್ನೇ ಬದಲಿಸಿ. ಪಿವಿಸಿ ವೈರಿನ ಮೇಲೆ ಹತ್ತಿಯ ಹೆಣಿಗೆ ಹಾಕಿ, ಹಳೇ ಅಳತೆಗೇ ಮಾಡಿಕೊಡುವವರು ಇಂಗ್ಲೆಂಡಿನಲ್ಲಿ ಈಗಲೂ ಇದ್ದಾರೆ.

ಬಣ್ಣ ಮಾತ್ರ ಕೆಡಿಸಬೇಡಿ. ಕಂದು ವೈರು ಬ್ಯಾಟರಿಯ ಕಡೆಯಿಂದ ನೇರ ಬಂದದ್ದು, ಬಿಳಿ ಇಗ್ನಿಷನ್ ಕೀ ದಾಟಿದ್ದು, ಹಸಿರು ಅದರ ಮುಂದೆ ಫ್ಯೂಸನ್ನೂ ದಾಟಿದ್ದು, ಕಪ್ಪು ಅರ್ಥ್. ಈ ಲೆಕ್ಕ ತಲೆಯಲ್ಲಿದ್ದರೆ ಅರ್ಧ ರಿಪೇರಿ ಮುಗಿದಂತೆ. ಕೈಗೆ ಸಿಕ್ಕ ಕೆಂಪು ವೈರನ್ನೇ ಎಲ್ಲ ಕಡೆ ಎಳೆಯುವ ಮಿಸ್ತ್ರಿ ಎಷ್ಟೇ ಚುರುಕಿನವನಾಗಿರಲಿ, ಬೇಡ. ರಾತ್ರಿ ದಾರಿ ಮಧ್ಯೆ ದೀಪ ಆರಿದಾಗ ಟಾರ್ಚ್ ಹಿಡಿದು ಹುಡುಕುವವರು ನೀವೇ ತಾನೆ!

ಇನ್ನೊಂದು ಮಾತು. ಈ ಗಾಡಿಯ ಲೋಹದ ಮೈಗೆ, ಅಂದರೆ ಅರ್ಥ್‌ಗೆ, ಜೋಡಿಸುವುದು ಬ್ಯಾಟರಿಯ ಪ್ಲಸ್. ಈಗಿನ ಕಾರಿನ ಅಭ್ಯಾಸದಲ್ಲಿ ಹೊಸ ರೇಡಿಯೊದ ಮೈನಸ್ ವೈರನ್ನು ಮೈಗೆ ಬಿಗಿದು ಅದನ್ನು ಸುಟ್ಟುಕೊಂಡವರುಂಟು. ಕೆಲಸಕ್ಕೆ ಕೈ ಹಾಕುವ ಮುಂಚೆ ಬ್ಯಾಟರಿಯ ಆ ಅರ್ಥ್ ಕೇಬಲ್ ಕಳಚಿಡಿ. ಯಾಕೆಂದರೆ ಇಡೀ ಕಾರಿಗೆ ಇರುವುದು ಎರಡೇ ಫ್ಯೂಸು. ಹೆಡ್‌ಲೈಟಿನ ವೈರಿಗೆ ಅದೂ ಇಲ್ಲ.